ದುಡಿಮೆಗೆ ಮರಳುವ ತಾಯಂದಿರು ಮತ್ತು ಎದೆಹಾಲು: ಮಂಗಳೂರು, ಉಡುಪಿ ಪರಿಸರದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಕೂತು ಬೀಡಿ ಕಟ್ಟುವವರು, ಮಲ್ಪೆಯಿಂದಲೋ ಮಂಗಳೂರಿನ ದಕ್ಕೆಯಿಂದಲೋ ಮೀನು ತಂದು ಮಾರುವವರು, ಗೇರುಬೀಜದ ಕಾರ್ಖಾನೆಗಳಲ್ಲಿ ದುಡಿಯುವವರು, ಫ್ಲ್ಯಾಟುಗಳಲ್ಲಿ ಮನೆಗೆಲಸ ಮಾಡುವವರು, ಹೊಟೇಲಿನ ಹಿಂಬದಿಯಲ್ಲಿ ಪಾತ್ರೆ ತೊಳೆಯುವವರು, ಬಾಗಲಕೋಟೆ, ಕೊಪ್ಪಳ, ಗದಗದ ಕಡೆಯಿಂದ ಬಂದು ಕಟ್ಟಡ ಕೆಲಸದಲ್ಲಿ ತೊಡಗಿರುವವರು, ಇವರಲ್ಲಿ ಹೆಚ್ಚಿನವರಿಗೆ ಸಂಬಳ ಸಹಿತವಾದ ಹೆರಿಗೆ ರಜೆ ಸಿಗುವುದಿಲ್ಲ. ಕೆಲಸಕ್ಕೆ ಹೋದ ದಿನ ಮಾತ್ರ ಕೂಲಿ ಸಿಗುವುದರಿಂದ ಬಾಣಂತನದ ನಲವತ್ತು ದಿನ ಮುಗಿಯುತ್ತಲೇ ದುಡಿಮೆ ಕರೆಯುತ್ತದೆ. ಇಂಥ ತಾಯಂದಿರೂ ಅವರ ಮನೆಯ ಹಿರಿಯರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಎದೆಹಾಲು ಬೇಗ ನಿಂತುಹೋದರೆ ತಾಯಿಯ ಅಲಕ್ಷ್ಯವೇ ಕಾರಣವೆಂದು ಹೇಳುವ ರೂಢಿಯನ್ನು ನಾವು ಒಪ್ಪುವುದಿಲ್ಲ. ಹೆಚ್ಚಿನ ಕಡೆ ಅದಕ್ಕೆ ಕಾರಣ ಕೆಲಸದ ಹೊತ್ತು, ಮನೆಯಿಂದ ಇರುವ ದೂರ ಮತ್ತು ಹಾಲು ಹಿಂಡಲು ಒಂದು ಮರೆಯ ಜಾಗವೂ ಇಲ್ಲದಿರುವುದು. ಈ ಮೂರಕ್ಕೆ ದಾರಿ ಹುಡುಕುವುದೇ ಇಲ್ಲಿನ ಉತ್ತರಗಳ ಉದ್ದೇಶ.

ಎದೆಹಾಲನ್ನು ಎಷ್ಟು ಕಾಲ ಕೊಡಬೇಕು? ಎರಡೇ ತಿಂಗಳಿಗೆ ಕೆಲಸಕ್ಕೆ ಹೋಗುವವರಿಗೆ ಆ ಲೆಕ್ಕ ಹೊಂದುತ್ತದೆಯೇ?

ಮಗು ಹುಟ್ಟಿದ ಒಂದು ಗಂಟೆಯೊಳಗೆ ಹಾಲೂಡಿಸಲು ತೊಡಗಬೇಕು, ಮೊದಲ 6 ತಿಂಗಳು ಎದೆಹಾಲಿನ ಹೊರತು ನೀರನ್ನೂ ಕೊಡಬಾರದು, ಆಮೇಲೆ ಬೇರೆ ಆಹಾರದೊಂದಿಗೆ 2 ವರ್ಷದವರೆಗೆ ಅಥವಾ ಅದಕ್ಕೂ ಮುಂದೆ ಎದೆಹಾಲು ಮುಂದುವರಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ಶಿಫಾರಸು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 6 ತಿಂಗಳೊಳಗಿನ ಶಿಶುಗಳಲ್ಲಿ ಶೇ. 64ರಷ್ಟು ಮಾತ್ರ ಬರೀ ಎದೆಹಾಲನ್ನೇ ಪಡೆಯುತ್ತಿದ್ದವು. ಹುಟ್ಟಿದ ಗಂಟೆಯೊಳಗೆ ಹಾಲು ಕುಡಿದ ಮಕ್ಕಳು ಶೇ. 42ರಷ್ಟು. ಆದ್ದರಿಂದ ಈ ಗುರಿ ತಪ್ಪಿದ ತಾಯಿ ತಾನೊಬ್ಬಳೇ ಎಂದು ಕೊರಗಬೇಕಾಗಿಲ್ಲ.

ಎರಡು ತಿಂಗಳಿಗೆ ಕೆಲಸಕ್ಕೆ ಮರಳುವವರಿಗೂ ಈ ಲೆಕ್ಕ ಹೊಂದುತ್ತದೆ, ಆದರೆ ಅದಕ್ಕೆ ಸಿದ್ಧತೆ ಬೇಕು. ಹಗಲಿನ ಒಂದೆರಡು ಹೊತ್ತು ಬೇರೆ ಹಾಲು ಕೊಡಲೇಬೇಕಾದ ಪರಿಸ್ಥಿತಿ ಬಂದರೂ ಉಳಿದ ಹೊತ್ತಿನ ಎದೆಹಾಲನ್ನು ಬಿಡಬಾರದು. ದಿನಕ್ಕೆ ಮೂರೇ ಬಾರಿ ಕೊಟ್ಟರೂ ಸೋಂಕನ್ನು ತಡೆಯುವ ಅಂಶಗಳು ಆ ಹಾಲಿನ ಮೂಲಕ ಮಗುವಿನ ಹೊಟ್ಟೆ ಸೇರುತ್ತವೆ. ಪೂರ್ತಿ ಕೊಡಲಾಗದಿದ್ದರೆ ಕೊಡದೇ ಇರುವುದು ಲೇಸು ಎಂದು ಹೇಳುವವರ ಮಾತಿಗೆ ಕಿವಿಗೊಡಬೇಡಿ.

ದಿನವಿಡೀ ಹೊರಗಿದ್ದರೆ ಹಾಲು ಬತ್ತಿಹೋಗುವುದಿಲ್ಲವೇ?

ಮಗು ಚೀಪಿದಷ್ಟೂ, ಕೈಯಿಂದ ಹಿಂಡಿ ತೆಗೆದಷ್ಟೂ ಹಾಲು ಹೊಸದಾಗಿ ಉತ್ಪತ್ತಿಯಾಗುತ್ತದೆ. ಎದೆ ತುಂಬಿಕೊಂಡೇ ಗಂಟೆಗಟ್ಟಲೆ ಉಳಿದರೆ ಇನ್ನು ಸಾಕು ಎಂಬ ಸೂಚನೆ ದೇಹಕ್ಕೆ ಹೋಗಿ ಉತ್ಪತ್ತಿ ಇಳಿಯುತ್ತದೆ. ಹಾಗಾಗಿ ಹಾಲು ಬತ್ತಲು ಕಾರಣ ತಾಯಿ ಹೊರಗಿದ್ದುದಲ್ಲ, ಆ ಹೊತ್ತಿನಲ್ಲಿ ಒಮ್ಮೆಯೂ ಹಾಲು ತೆಗೆಯದೆ ಇದ್ದುದು. ಎಂಟು ಗಂಟೆ ಹೊರಗಿರುವವರು ನಡುವೆ ಎರಡು ಸಲವಾದರೂ, ಅದಾಗದಿದ್ದರೆ ಒಂದು ಸಲವಾದರೂ ಹಿಂಡಬೇಕು. ಇಟ್ಟುಕೊಳ್ಳಲು ಅನುಕೂಲವಿಲ್ಲದೆ ಅದನ್ನು ಚೆಲ್ಲಬೇಕಾಗಿ ಬಂದರೂ ಹಿಂಡಿದ ಶ್ರಮ ವ್ಯರ್ಥವಾಗುವುದಿಲ್ಲ, ಮರುದಿನದ ಹಾಲು ಅದರಿಂದಲೇ ಉಳಿಯುತ್ತದೆ.

ರಾತ್ರಿಯ ಹಾಲು ಇಂಥ ತಾಯಂದಿರಿಗೆ ಬಹಳ ದೊಡ್ಡ ಆಸರೆ. ಹಾಲು ಉತ್ಪತ್ತಿಗೆ ಬೇಕಾದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಾತ್ರಿಯಲ್ಲಿ ಹೆಚ್ಚಿರುತ್ತದೆ. ತಾಯಿ ಕೆಲಸಕ್ಕೆ ಹೋಗತೊಡಗಿದ ಮೇಲೆ ಅನೇಕ ಮಕ್ಕಳು ಹಗಲು ಕಡಿಮೆ ಕುಡಿದು ರಾತ್ರಿ ಎದ್ದೆದ್ದು ಕುಡಿಯುತ್ತವೆ. ಅದನ್ನು ಹಟವೆಂದು ತಿಳಿಯಬಾರದು, ಹಗಲಿನ ಕೊರತೆಯನ್ನು ಮಗು ಹೀಗೆ ತುಂಬಿಕೊಳ್ಳುತ್ತದೆ. ತಾಯಿಯ ನಿದ್ದೆ ಕೆಡುತ್ತದೆ ಎಂಬುದು ಸುಳ್ಳಲ್ಲ. ಆದ್ದರಿಂದಲೇ ಸಂಜೆಯ ಅಡುಗೆ, ಬಟ್ಟೆ, ನೀರು ಹೊರುವುದು ಇವನ್ನೆಲ್ಲ ಗಂಡನೂ ಮನೆಯವರೂ ವಹಿಸಿಕೊಂಡು ಆಕೆಯನ್ನು ಬೇಗ ಮಲಗಲು ಬಿಡಬೇಕು.

ಕೆಲಸಕ್ಕೆ ಮರಳುವ ಮೊದಲು ಯಾವ ಸಿದ್ಧತೆ ಬೇಕು?

ಎರಡು ವಾರ ಮುಂಚಿತವಾಗಿಯೇ ದಿನಕ್ಕೊಮ್ಮೆ, ಬೆಳಿಗ್ಗೆ ಮಗು ಕುಡಿದು ಮುಗಿಸಿದ ಮೇಲೆ ಉಳಿದ ಹಾಲನ್ನು ಹಿಂಡಿ ಅಭ್ಯಾಸ ಮಾಡಿಕೊಳ್ಳಬೇಕು. ಮೊದಮೊದಲು ನಾಲ್ಕು ಚಮಚೆಯಷ್ಟೇ ಬಂದರೆ ಗಾಬರಿ ಬೇಡ, ಕೈ ಪಳಗಿದಂತೆ ಹೆಚ್ಚುತ್ತದೆ. ಮಗುವನ್ನು ನೋಡಿಕೊಳ್ಳುವವರು ಅಜ್ಜಿಯಾಗಲಿ, ಅತ್ತಿಗೆಯಾಗಲಿ, ನೆರೆಮನೆಯ ಅಕ್ಕನಾಗಲಿ, ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ, ಹಾಲು ಕುಡಿಸುವುದನ್ನು ಈ ದಿನಗಳಲ್ಲೇ ರೂಢಿಸಿಕೊಳ್ಳಬೇಕು. ತಾಯಿಯ ವಾಸನೆ ಹತ್ತಿರವಿದ್ದರೆ ಕೆಲವು ಮಕ್ಕಳು ಒಳಲೆಯನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಆ ಹೊತ್ತಿನಲ್ಲಿ ತಾಯಿ ಅಂಗಳಕ್ಕೆ ಹೋಗಿರುವುದು ಒಳ್ಳೆಯದು.

ತಾಯಿ ಇಲ್ಲದ ಪ್ರತಿ ಗಂಟೆಗೆ ಸುಮಾರು 30ರಿಂದ 45 ಮಿಲಿ ಲೀಟರ್ ಹಾಲು ಬೇಕಾಗುತ್ತದೆ ಎಂದು ಲೆಕ್ಕ ಹಿಡಿಯಬಹುದು, ಅಂದರೆ ನಾಲ್ಕು ಗಂಟೆಗೆ ಮುಕ್ಕಾಲು ಲೋಟದಷ್ಟು. ಸಾಧ್ಯವಾದರೆ ಮೊದಲ ವಾರ ಅರ್ಧ ದಿನದ ಕೆಲಸ ಕೇಳಿಕೊಳ್ಳಿ. ಮನೆಯಿಂದ ಹೊರಡುವ ಕೊನೆಯ ಗಳಿಗೆಯಲ್ಲಿ ಒಮ್ಮೆ, ಮರಳಿ ಬಂದು ಕೈಕಾಲು ತೊಳೆದ ಕೂಡಲೇ ಇನ್ನೊಮ್ಮೆ ಹಾಲೂಡಿಸುವ ಕ್ರಮವಿಟ್ಟುಕೊಂಡರೆ ನಡುವಿನ ಅಂತರ ಆದಷ್ಟು ಕಿರಿದಾಗುತ್ತದೆ. ನೀವು ಮನೆ ತಲುಪುವ ಒಂದು ಗಂಟೆ ಮೊದಲು ಮಗುವಿಗೆ ಹೊಟ್ಟೆ ತುಂಬ ಕುಡಿಸಬೇಡಿ ಎಂದು ನೋಡಿಕೊಳ್ಳುವವರಿಗೆ ಹೇಳಿಡಿ.

ಕೈಯಿಂದ ಹಾಲು ಹಿಂಡುವುದು ಹೇಗೆ? ಅದಕ್ಕೆ ಪಂಪ್ ಬೇಕೇ?

ಪಂಪ್ ಬೇಕೆಂದಿಲ್ಲ. ಅದಕ್ಕೆ ಹಣವೂ ಬೇಕು, ಅದರ ಒಂದೊಂದು ಬಿಡಿಭಾಗವನ್ನು ಬಿಸಿನೀರಿನಲ್ಲಿ ತೊಳೆಯುವ ಅನುಕೂಲವೂ ಬೇಕು. ಕೈಗೆ ಸಾಬೂನು, ನೀರು ಸಾಕು.

ಕೈಯನ್ನು ಮೊಣಕೈವರೆಗೆ ತೊಳೆದು, ಕುದಿನೀರಿನಲ್ಲಿ ಅದ್ದಿ ತೆಗೆದ ಅಗಲ ಬಾಯಿಯ ಸ್ಟೀಲ್ ಲೋಟವನ್ನು ತೊಡೆಯ ಮೇಲೆ ಇಟ್ಟುಕೊಂಡು ತುಸು ಮುಂದಕ್ಕೆ ಬಾಗಿ ಕೂರಬೇಕು. ಒಂದೆರಡು ನಿಮಿಷ ಎದೆಯನ್ನು ಮೃದುವಾಗಿ ಸವರಿ, ಮಗುವಿನ ಮುಖವನ್ನು ನೆನೆದುಕೊಂಡರೆ ಹಾಲು ಇಳಿಯಲು ಸುಲಭ. ಮೊಬೈಲಿನಲ್ಲಿರುವ ಮಗುವಿನ ಫೋಟೋ ನೋಡಿದರೂ ಆದೀತು. ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿ ಮೇಲೆ ಹೆಬ್ಬೆರಳು, ಕೆಳಗೆ ತೋರುಬೆರಳು ಮತ್ತು ನಡುಬೆರಳು ಬರುವಂತೆ ಹಿಡಿದು, ಮೊದಲು ಪಕ್ಕೆಲುಬಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಒತ್ತಿ, ಬಿಡಬೇಕು. ಒತ್ತು, ಹಿಂಡು, ಬಿಡು ಎಂಬ ಈ ಲಯ ಮಗು ಚೀಪುವ ಲಯದಂತಿರಬೇಕು. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನೇ ಎಳೆಯಬಾರದು. ನೋವಾಯಿತೆಂದರೆ ಹಿಡಿತ ತಪ್ಪಿದೆ ಎಂದರ್ಥ. ಮೊದಲ ಒಂದೆರಡು ನಿಮಿಷ ಏನೂ ಬಾರದಿರಬಹುದು, ಬಳಿಕ ಹನಿ, ಬಳಿಕ ಧಾರೆ. ಧಾರೆ ಸಣ್ಣದಾದಾಗ ಬೆರಳುಗಳ ಜಾಗವನ್ನು ಸುತ್ತ ಬದಲಿಸುತ್ತ ಹೋಗಿ, ಆಮೇಲೆ ಇನ್ನೊಂದು ಬದಿಗೆ ಹೋಗಬೇಕು. ಎರಡೂ ಬದಿ ಸೇರಿ 20ರಿಂದ 30 ನಿಮಿಷ ಹಿಡಿಯುತ್ತದೆ. ಹೆರಿಗೆಯಾದ ಆಸ್ಪತ್ರೆಯಿಂದ ಹೊರಡುವ ಮೊದಲೇ ಇದನ್ನು ಒಮ್ಮೆ ಮಾಡಿ ತೋರಿಸಿ ಎಂದು ನರ್ಸ್ ಬಳಿ ಕೇಳಿಕೊಳ್ಳುವುದಕ್ಕೆ ಸಂಕೋಚ ಬೇಡ.

ನಮ್ಮ ಊರಿನ ಸೆಕೆಯಲ್ಲಿ ಹಿಂಡಿದ ಹಾಲು ಎಷ್ಟು ಹೊತ್ತು ಇರುತ್ತದೆ?

ಕರಾವಳಿಯ ಸೆಕೆಯಲ್ಲಿ ಫ್ರಿಜ್ ಇಲ್ಲದೆ ಇಟ್ಟ ಹಾಲನ್ನು 4 ಗಂಟೆಯೊಳಗೆ ಬಳಸಿಬಿಡಬೇಕು. ಮಾರ್ಚ್‌ನಿಂದ ಮೇವರೆಗೆ ತಗಡಿನ ಮಾಡಿನ ಕೋಣೆಯಲ್ಲಿ ಇನ್ನೂ ಬೇಗ ಬಳಸುವುದು ಒಳಿತು. ಮುಚ್ಚಳವಿರುವ ಸ್ಟೀಲ್ ಡಬ್ಬಿಯನ್ನು ತಣ್ಣೀರಿನ ಪಾತ್ರೆಯಲ್ಲಿ ಇಳಿಸಿ, ಮನೆಯ ಅತ್ಯಂತ ತಂಪಾದ ಮೂಲೆಯಲ್ಲಿ ಇಟ್ಟರೆ ಸಹಾಯವಾಗುತ್ತದೆ. ಮಂಜುಗಡ್ಡೆ ತುಂಬಿದ, ತಂಪು ಹಿಡಿದಿಡುವ ಚೀಲದಲ್ಲಿ 24 ಗಂಟೆಯವರೆಗೆ ಇಡಬಹುದು. ಫ್ರಿಜ್ಜಿನಲ್ಲಿ 4 ದಿನ ಇಡಬಹುದೆಂದು ಹೇಳುವುದುಂಟು, ಆದರೆ ಮಳೆಗಾಲದಲ್ಲಿ ಪದೇ ಪದೇ ಕರೆಂಟ್ ಹೋಗುವ ನಮ್ಮಲ್ಲಿ ಮರುದಿನವೇ ಮುಗಿಸುವ ಪದ್ಧತಿ ಹೆಚ್ಚು ಸುರಕ್ಷಿತ. ಬಾಗಿಲಿನ ಕಪಾಟಿನಲ್ಲಿಡದೆ ಒಳಬದಿಗೆ ಇಡಬೇಕು.

ಕೆನೆ ಮೇಲೆ ಬಂದು ಎರಡು ಪದರವಾಗಿ ಕಂಡರೆ ಹಾಲು ಕೆಟ್ಟಿದೆ ಎಂದಲ್ಲ, ಮೆಲ್ಲನೆ ಕಲಕಿದರೆ ಬೆರೆಯುತ್ತದೆ. ಒಲೆಯ ಮೇಲೆ ಕಾಯಿಸಬಾರದು. ಬಿಸಿನೀರಿನ ಬಟ್ಟಲಿನಲ್ಲಿ ಡಬ್ಬಿಯನ್ನು ಇಟ್ಟು ಉಗುರುಬೆಚ್ಚಗೆ ಮಾಡಿಕೊಂಡರೆ ಸಾಕು. ಮಗು ಕುಡಿದು ಬಿಟ್ಟ ಹಾಲನ್ನು ಮುಂದಿನ ಹೊತ್ತಿಗೆ ತೆಗೆದಿಡಬಾರದು.

ಬಾಟಲಿ ಬೇಡ ಎನ್ನುವುದೇಕೆ?

ಬಾಟಲಿಯ ಕತ್ತು ಮತ್ತು ನಿಪ್ಪಲಿನ ಒಳಗಿನ ಜಿಡ್ಡು ಸುಲಭವಾಗಿ ಹೋಗುವುದಿಲ್ಲ, ಅಲ್ಲಿಂದಲೇ ಭೇದಿ ಶುರುವಾಗುತ್ತದೆ. ಬಾಟಲಿಗೆ ಒಗ್ಗಿದ ಮಗು ಎದೆಯನ್ನು ಸರಿಯಾಗಿ ಹಿಡಿಯದೆ ಹೋಗುವುದೂ ಉಂಟು. ಒಳಲೆಯಾದರೆ ತೊಳೆಯಲು ಸುಲಭ. ಅದಿಲ್ಲದಿದ್ದರೆ ಸಣ್ಣ ಲೋಟ, ಚಮಚೆ ಸಾಕು. ಮಗುವನ್ನು ಪೂರ್ತಿ ಮಲಗಿಸದೆ ತಲೆ ಎತ್ತಿ ಹಿಡಿದು, ಒಳಲೆಯ ಮೂತಿಯನ್ನು ತುಟಿಯ ಅಂಚಿಗೆ ತಾಗಿಸಿ, ಮಗು ತಾನಾಗಿ ನುಂಗಿದಷ್ಟೇ ವೇಗದಲ್ಲಿ ಬಿಡಬೇಕು. ಅವಸರದಿಂದ ಗಂಟಲಿಗೆ ಸುರಿಯಬಾರದು.

ಬೀಡಿ ಕಟ್ಟುತ್ತ ಹಾಲೂಡಿಸಬಹುದೇ?

ಮನೆಯಲ್ಲೇ ಇದ್ದಾರೆ, ಇವರಿಗೇನು ಕಷ್ಟ ಎಂದು ಬೀಡಿ ಕಟ್ಟುವ ತಾಯಂದಿರ ಬಗ್ಗೆ ಹಲವರು ಹೇಳುತ್ತಾರೆ. ಹತ್ತಿರ ಕೂತು ನೋಡಿದವರಿಗೆ ಮಾತ್ರ ಗೊತ್ತು. ತಡ್ಪೆ, ಅಂದರೆ ಮೊರ, ತೊಡೆಯ ಮೇಲೆ, ಅದರಲ್ಲಿ ಕತ್ತರಿಸಿದ ಎಲೆ ಮತ್ತು ಹೊಗೆಸೊಪ್ಪಿನ ಪುಡಿ, ಒಂದು ಕಾಲಿನಿಂದ ತೊಟ್ಟಿಲಿನ ಹಗ್ಗ ತೂಗುತ್ತ ಕೈಯಲ್ಲಿ ನೂಲು ಸುತ್ತುವುದು. ಕಂಪನಿಯ ಬ್ರಾಂಚಿಗೆ ಬೀಡಿ ಒಪ್ಪಿಸುವ ಹೊತ್ತು ಹತ್ತಿರವಾದಾಗ ಮಗು ಅತ್ತರೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಗೇ ಎತ್ತಿ ಹಾಲಿಗೆ ಹಾಕಿಕೊಳ್ಳುತ್ತಾರೆ. ಮಗುವಿನ ಮುಖ ಒರಗುವುದು ಹೊಗೆಸೊಪ್ಪಿನ ಪುಡಿ ಹಿಡಿದ ಅದೇ ಸೆರಗಿನ ಮೇಲೆ.

ಹೊಗೆಸೊಪ್ಪಿನ ನಿಕೋಟಿನ್ ಚರ್ಮದಿಂದಲೂ ಉಸಿರಿನಿಂದಲೂ ತಾಯಿಯ ರಕ್ತಕ್ಕೆ, ಅಲ್ಲಿಂದ ಹಾಲಿಗೆ ಸೇರುತ್ತದೆ. ಹಾಗೆಂದು ಹಾಲು ನಿಲ್ಲಿಸಬಾರದು, ಎದೆಹಾಲಿನಿಂದ ಆಗುವ ಲಾಭವೇ ಹೆಚ್ಚು. ಮಾಡಬೇಕಾದದ್ದು ಪುಡಿಯನ್ನು ಮಗುವಿನಿಂದ ದೂರವಿಡುವುದು. ಬೀಡಿ ಕಟ್ಟಲು ಕೂರುವಾಗ ಮೈಮೇಲೆ ಒಂದು ಹಳೆಯ ಶರ್ಟ್ ತೊಟ್ಟು, ಹಾಲೂಡಿಸುವ ಮೊದಲು ಅದನ್ನು ತೆಗೆದು, ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಕೆಲಸಕ್ಕೆ ಕೂರುವ ಮೊದಲೇ ಹೊಟ್ಟೆ ತುಂಬ ಹಾಲು ಕೊಡಬೇಕು. ತಡ್ಪೆಯನ್ನು ಜಗಲಿಯ ಗಾಳಿಗೂ ತೊಟ್ಟಿಲನ್ನು ಒಳಕೋಣೆಗೂ ಸರಿಸಬೇಕು. ಹೊಗೆಸೊಪ್ಪನ್ನು ಮಗು ಮಲಗುವ ಕೋಣೆಯಲ್ಲಿ ಇಟ್ಟುಕೊಳ್ಳಲೇಬಾರದು. ಅಂಬೆಗಾಲಿಡುವ ಮಗು ಒಂದು ಚೂರು ಬಾಯಿಗೆ ಹಾಕಿಕೊಂಡರೂ ಅದು ವಿಷವಾದೀತು. ಮನೆಯ ಗಂಡಸರು ಒಳಗೆ ಕೂತು ಬೀಡಿ, ಸಿಗರೇಟು ಸೇದುವುದು ಎಲ್ಲಕ್ಕಿಂತ ಹೆಚ್ಚು ಕೆಡುಕು ಎಂಬುದನ್ನೂ ಹೇಳಲೇಬೇಕು.

ಬೆಳಗಿನ ಜಾವವೇ ಮೀನಿಗೆ ಹೋಗುವವರು ಏನು ಮಾಡಬೇಕು?

ನಾಲ್ಕೈದು ಗಂಟೆಗೆ ಮನೆ ಬಿಟ್ಟು ಮಧ್ಯಾಹ್ನ ಮರಳುವವರಿಗೆ ಹೊರಡುವ ಮುಂಚಿನ ಹಾಲು ಮತ್ತು ಎಂಟು–ಒಂಬತ್ತು ಗಂಟೆಯ ಸುಮಾರಿಗೆ ಒಮ್ಮೆ ಹಿಂಡುವುದು, ಇವೆರಡು ಮುಖ್ಯ. ಕೆಎಸ್‌ಆರ್‌ಟಿಸಿಯ ಹಲವು ಬಸ್ ನಿಲ್ದಾಣಗಳಲ್ಲಿ ಹಾಲುಣಿಸುವ ಕೊಠಡಿಗಳಿವೆ. ಬುಟ್ಟಿ ಹೊತ್ತವರಿಗೂ ಅಲ್ಲಿ ಬೇರೆಯವರಷ್ಟೇ ಹಕ್ಕಿದೆ. ಮೀನಿನ ವಾಸನೆಯಿಂದ ಹಾಲು ಕೆಡುವುದಿಲ್ಲ, ಆದರೆ ಪೊರೆ ಅಂಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಹಿಂಡಬಾರದು. ಮೀನಿನ ಥರ್ಮಾಕೋಲ್ ಪೆಟ್ಟಿಗೆಯ ಮಂಜುಗಡ್ಡೆಯಲ್ಲಿ ಹಾಲಿನ ಡಬ್ಬಿಯನ್ನು ಹುದುಗಿಸಿ ಇಡುವುದು ಬೇಡ, ಆ ಮಂಜುಗಡ್ಡೆಯ ನೀರು ಶುದ್ಧವಲ್ಲ. ಬೇರೆ ಚೀಲ, ಬೇರೆ ಮಂಜುಗಡ್ಡೆ ಇರಲಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ದಿನಗಳಲ್ಲಿ ವ್ಯಾಪಾರ ಕಡಿಮೆ. ಹಣದ ದೃಷ್ಟಿಯಿಂದ ಅದು ಕಷ್ಟದ ಕಾಲವೇ ಹೌದು. ಆದರೆ ಮನೆಯಲ್ಲಿರುವ ಆ ವಾರಗಳಲ್ಲಿ ಮಗುವನ್ನು ಆಗಾಗ ಎದೆಗೆ ಹಾಕಿಕೊಂಡರೆ ಕಡಿಮೆಯಾದ ಹಾಲು ಚೇತರಿಸಿಕೊಳ್ಳುತ್ತದೆ.

ಗೇರುಬೀಜದ ಸೊನೆ, ಸಿಮೆಂಟಿನ ಧೂಳಿನಲ್ಲಿ ದುಡಿಯುವವರು?

ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಕಟಿಂಗ್ ವಿಭಾಗದಲ್ಲಿ ದುಡಿಯುವವರು ಕೈಗೆ ಮೊದಲೇ ಎಣ್ಣೆ ಸವರಿಕೊಂಡು, ಹಾಲೂಡಿಸುವ ಮುನ್ನ ಸಾಬೂನಿನಿಂದ ಚೆನ್ನಾಗಿ ತೊಳೆದು, ಬಟ್ಟೆ ಬದಲಿಸಬೇಕು. ಹಸಿ ಸಿಮೆಂಟಿಗೂ ಇದೇ ಮಾತು. ಕಲೆಯಾದ ಕೈ ಹಾಲನ್ನು ಕೆಡಿಸುವುದಿಲ್ಲ, ಆದರೆ ಮಗುವಿನ ತುಟಿ, ಕಣ್ಣು, ಕೆನ್ನೆಗೆ ತಾಗಿದರೆ ಗಾಯವಾಗುತ್ತದೆ. ಕಟ್ಟಡದ ಕಂಬಕ್ಕೆ ಸೀರೆಯ ಜೋಲಿ ಕಟ್ಟುವವರು ಸಿಮೆಂಟ್ ಕಲಸುವ ಜಾಗದಿಂದ ದೂರದಲ್ಲಿ, ಮೇಲಿನಿಂದ ಏನೂ ಬೀಳದ ಕಡೆ ಕಟ್ಟಬೇಕು. ಇದನ್ನು ಮೇಸ್ತ್ರಿಯೇ ನೋಡಿಕೊಳ್ಳಬೇಕಾದದ್ದು ನ್ಯಾಯ.

ಮನೆಗೆಲಸಕ್ಕೆ ಹೋಗುವಲ್ಲಿ ಹಾಲು ಹಿಂಡಲು ಹೊತ್ತು ಕೇಳುವುದು ಹೇಗೆ?

ಈ ಪ್ರಶ್ನೆ ಬಂದಾಗಲೆಲ್ಲ ತಾಯಂದಿರ ದನಿ ತಗ್ಗುತ್ತದೆ. ಕೆಲಸ ಹೋದೀತೆಂಬ ಭಯ ಒಂದು ಕಡೆ, ನಾಚಿಕೆ ಇನ್ನೊಂದು ಕಡೆ. ಮೊದಲ ದಿನವೇ, ಮನೆಯ ಹೆಂಗಸಿನ ಬಳಿ, ನೇರವಾಗಿ ಹೇಳಿಬಿಡುವುದು ಒಳ್ಳೆಯದು: "ಅಮ್ಮಾ, ಮಗುವಿಗೆ ಮೂರು ತಿಂಗಳು. ಹನ್ನೊಂದು ಗಂಟೆಗೆ ನನಗೆ ಇಪ್ಪತ್ತು ನಿಮಿಷ ಬೇಕು, ಹಾಲು ಹಿಂಡಿ ಇಡ್ಲಿಕ್ಕೆ. ಫ್ರಿಜ್ಜಿನಲ್ಲಿ ಒಂದು ಸಣ್ಣ ಡಬ್ಬಿ ಇಡ್ತೇನೆ, ಹೋಗುವಾಗ ತಕ್ಕೊಂಡು ಹೋಗ್ತೇನೆ." ಎಷ್ಟು ಹೊತ್ತು, ಯಾವ ಜಾಗ, ಯಾವ ಡಬ್ಬಿ ಎಂದು ಸ್ಪಷ್ಟವಾಗಿ ಕೇಳಿದಾಗ ಒಪ್ಪುವುದು ಸುಲಭ. ಎರಡು–ಮೂರು ಮನೆಗಳಿಗೆ ಹೋಗುವವರು ತಮ್ಮ ಮನೆಗೆ ಹತ್ತಿರವಿರುವ ಕೆಲಸದ ಮನೆಯನ್ನು ನಡುವಿಗೆ ಇಟ್ಟುಕೊಂಡರೆ ಮಧ್ಯದಲ್ಲಿ ಒಮ್ಮೆ ಮಗುವಿನ ಬಳಿ ಹೋಗಿಬರಬಹುದು.

ಈ ಉತ್ತರವನ್ನು ಓದುತ್ತಿರುವ ಮನೆಯೊಡತಿಯರಲ್ಲಿ ಒಂದು ವಿನಂತಿ. ಆಕೆ ಕೇಳುವವರೆಗೆ ಕಾಯಬೇಡಿ. ಬಾಣಂತನ ಮುಗಿಸಿ ಬಂದವಳಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ತೋರಿಸಿ, ಒಂದು ಲೋಟ ನೀರು ಕೊಡಿ. ಬಚ್ಚಲುಮನೆಗೆ ಕಳಿಸಬೇಡಿ. ಅವಳು ಹಿಂಡುವುದು ಒಂದು ಶಿಶುವಿನ ಊಟ.

ಬಿಸಿಲಿನಲ್ಲಿ ದುಡಿದು ಬಂದ ತಾಯಿಯ ಹಾಲು ಬಿಸಿಯಾಗಿ ಹಳಸಿರುತ್ತದೆ ಎನ್ನುತ್ತಾರೆ, ನಿಜವೇ?

ನಿಜವಲ್ಲ. ಎದೆಯೊಳಗಿನ ಹಾಲು ಎಷ್ಟು ಹೊತ್ತು ನಿಂತರೂ ಹಳಸುವುದಿಲ್ಲ, ಮೊದಲ ಹಾಲನ್ನು ಚೆಲ್ಲಿ ಕೊಡಬೇಕಾಗಿಲ್ಲ. ಬೆವರು ಒರೆಸಿ, ನೀರು ಕುಡಿದು, ಎರಡು ನಿಮಿಷ ನೆರಳಿನಲ್ಲಿ ಕೂತು ಹಾಲೂಡಿಸಬಹುದು. 6 ತಿಂಗಳೊಳಗಿನ ಮಗುವಿಗೆ ಎಷ್ಟೇ ಸೆಕೆಯಿದ್ದರೂ ನೀರು ಬೇಡ. ಎದೆಹಾಲಿನಲ್ಲಿ ಶೇ. 80ಕ್ಕಿಂತ ಹೆಚ್ಚು ನೀರೇ ಇದೆ. ಬಾಯಾರಿಕೆ ಹೆಚ್ಚಿದ್ದರೆ ಮಗು ಹೆಚ್ಚು ಸಲ ಹಾಲು ಕೇಳುತ್ತದೆ, ಅಷ್ಟೆ. ಜೇನು, ಬಜೆ ತೇಯ್ದ ನೀರು, ಗಂಜಿತಿಳಿ, ಗ್ರೈಪ್ ವಾಟರ್ ಯಾವುದನ್ನೂ ಕೊಡಬಾರದು. ಜೇನನ್ನಂತೂ ಒಂದು ವರ್ಷ ತುಂಬುವವರೆಗೆ ನಾಲಗೆಗೂ ಮುಟ್ಟಿಸಬಾರದು.

ಹಾಲೂಡಿಸುವ ತಾಯಿ ಏನು ತಿನ್ನಬೇಕು? ನಂಜಿನ ಪದಾರ್ಥಗಳನ್ನು ಬಿಡಬೇಕೇ?

ಮೊದಲ ಆರು ತಿಂಗಳು ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲರಿಯಷ್ಟು ಹೆಚ್ಚಿನ ಆಹಾರ ಬೇಕು, ಅಂದರೆ ಸರಿಸುಮಾರು ಒಂದು ಪೂರ್ತಿ ಊಟ. ಮೈಮುರಿದು ದುಡಿಯುವವರಿಗೆ ಅದಕ್ಕೂ ಮೇಲೆ ಬೇಕಾಗುತ್ತದೆ. ನಂಜು ಎಂದು ಹೇಳಿ ಮೀನು, ಮೊಟ್ಟೆ, ಬದನೆ, ಹಲಸು ಎಲ್ಲವನ್ನೂ ಬಿಡಿಸಿದರೆ ಅವಳ ತಟ್ಟೆಯಲ್ಲಿ ಉಳಿಯುವುದೇನು? ಬೂತಾಯಿ, ಬಂಗುಡೆಯಂಥ ಸಣ್ಣ ಮೀನುಗಳು ಅಗ್ಗ ಮತ್ತು ಬಾಣಂತಿಗೆ ಬಹಳ ಒಳ್ಳೆಯವು. ಹಾಲು ಹೆಚ್ಚಲೆಂದು ತಾಟೆ, ಅಂದರೆ ಶಾರ್ಕ್ ಮೀನನ್ನು ಕೊಡುವ ರೂಢಿ ಕರಾವಳಿಯಲ್ಲಿದೆ. ದೊಡ್ಡ ಶಾರ್ಕ್‌ಗಳಲ್ಲಿ ಪಾದರಸದ ಅಂಶ ಹೆಚ್ಚಿರುವುದರಿಂದ ಅದನ್ನು ಮೇಲಿಂದ ಮೇಲೆ ತಿನ್ನುವುದು ಬೇಡ. ಮೆಂತೆ ಗಂಜಿ ಹೊಟ್ಟೆಗೆ ಹಿತ, ಆದರೆ ಮಗು ಚೀಪದೆ ಬರೀ ಗಂಜಿಯಿಂದ ಹಾಲು ಬರುವುದಿಲ್ಲ. ಹೆರಿಗೆಯ ಬಳಿಕ 180 ದಿನ ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಸರಕಾರಿ ಕೇಂದ್ರಗಳಲ್ಲಿ ಉಚಿತ.

2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯ ಮೂಲಕ ಪೌಷ್ಟಿಕ ಊಟ ಸಿಗುತ್ತದೆ. ಗುಡ್ಡ ಹತ್ತಿಳಿದು ಮಧ್ಯಾಹ್ನ ಅಂಗನವಾಡಿಗೆ ಬರುವುದು ದುಡಿಯುವವಳಿಗೆ ಆಗದ ಮಾತು. ಮನೆಗೆ ಒಯ್ಯಲು ಅವಕಾಶವಿದೆಯೇ ಎಂದು ಅಂಗನವಾಡಿ ಟೀಚರಲ್ಲಿ ಕೇಳಿ.

ಹಾಲು ಸಾಲುತ್ತಿದೆಯೇ ಎಂದು ತಿಳಿಯುವುದು ಹೇಗೆ? ಡಬ್ಬಿಹಾಲು ಶುರುಮಾಡಲೇ?

ಮಗು ಅತ್ತ ಮಾತ್ರಕ್ಕೆ ಹಾಲು ಕಡಿಮೆಯೆಂದು ತೀರ್ಮಾನಿಸಬಾರದು. ದಿನಕ್ಕೆ ಆರು ಅಥವಾ ಹೆಚ್ಚು ಸಲ ತಿಳಿಬಣ್ಣದ ಮೂತ್ರ ಹೋಗುತ್ತಿದ್ದರೆ, ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಅರ್ಧ ಕಿಲೋದಷ್ಟಾದರೂ ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ತಾಯಿ ಕಾರ್ಡಿನಲ್ಲಿ ತೂಕ ಬರೆಸುತ್ತಿರಿ.

ಡಬ್ಬಿಹಾಲು ಅನಿವಾರ್ಯವಾದರೆ ವೈದ್ಯರನ್ನು ಕೇಳಿ, ಕುದಿಸಿದ ನೀರಿನಲ್ಲಿ, ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಕದಡಬೇಕು. ಹೆಚ್ಚು ದಿನ ಬರಲಿ ಎಂದು ಪುಡಿ ಕಡಿಮೆ ಹಾಕಿ ನೀರು ಹೆಚ್ಚಿಸಿದರೆ ಮಗು ಸೊರಗುತ್ತದೆ. ಶಿಶು ಆಹಾರದ ಪ್ರಚಾರವನ್ನೂ ಉಚಿತ ಮಾದರಿ ಹಂಚುವುದನ್ನೂ 1992ರ ಕಾನೂನು ನಿಷೇಧಿಸಿದೆ. ಯಾರಾದರೂ ಉಚಿತ ಡಬ್ಬಿ ಕೊಟ್ಟರೆ ಅದು ಉಪಕಾರವೆಂದು ಭಾವಿಸಬೇಡಿ. ಮಂಗಳೂರಿನ ಸರಕಾರಿ ಲೇಡಿ ಗೋಶನ್ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕ್ ಇದೆ. ಅದು ಅವಧಿಗೆ ಮುನ್ನ ಹುಟ್ಟಿದ, ತೀವ್ರ ನಿಗಾದಲ್ಲಿರುವ ಶಿಶುಗಳಿಗಾಗಿ, ಕೆಲಸಕ್ಕೆ ಹೋಗುವವರ ದಿನನಿತ್ಯದ ಕೊರತೆ ತುಂಬಲು ಅಲ್ಲ.

ಎದೆ ಕಟ್ಟಿ ಕಲ್ಲಿನಂತಾಗಿದೆ, ಜ್ವರವೂ ಇದೆ. ಹಾಲು ಕೊಡಬಹುದೇ?

ಕೊಡಬೇಕು. ಹಾಲು ತೆಗೆಯದಿದ್ದರೆ ನೋವು ಹೆಚ್ಚುತ್ತದೆ. ತಣ್ಣೀರಿನ ಬಟ್ಟೆ ಇಡಬಹುದು, ಗಟ್ಟಿಯಾಗಿ ತಿಕ್ಕಬಾರದು. ಕೆಂಪಾಗಿ ಬಾವು ಬಂದಿದ್ದು, ಜ್ವರ ಒಂದು ದಿನದೊಳಗೆ ಇಳಿಯದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲೇಬೇಕು. ಒಂದು ದಿನದ ಕೂಲಿ ಹೋಗುತ್ತದೆಂದು ತಡಮಾಡಿದರೆ ಕೀವು ತುಂಬಿ, ಕೊಯ್ದು ತೆಗೆಯಬೇಕಾಗಿ ಬರಬಹುದು.

ಕಾನೂನು ನಮಗೆ ಏನಾದರೂ ಕೊಡುತ್ತದೆಯೇ?

1961ರ ಹೆರಿಗೆ ಸೌಲಭ್ಯ ಕಾಯ್ದೆಯು 2017ರ ತಿದ್ದುಪಡಿಯ ಬಳಿಕ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ, ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು, 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಮತ್ತು ಅಲ್ಲಿಗೆ ದಿನಕ್ಕೆ ನಾಲ್ಕು ಸಲ ಹೋಗಿಬರುವ ಅವಕಾಶ ಇವನ್ನು ಕೊಟ್ಟಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇವು ಉಳಿದಿವೆ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಹಾಗಾಗಿ ಗೇರುಬೀಜದ ಕಾರ್ಖಾನೆ, ಮೀನು ಸಂಸ್ಕರಣೆಯ ಘಟಕ, ದೊಡ್ಡ ಹೊಟೇಲು ಇಂಥ ಕಡೆ ಗುತ್ತಿಗೆಯಲ್ಲಿದ್ದೇವೆ ಎಂದ ಮಾತ್ರಕ್ಕೆ ಹಕ್ಕಿಲ್ಲವೆಂದು ಕೈಚೆಲ್ಲಬೇಡಿ. ಹಾಜರಿ ಮತ್ತು ಸಂಬಳದ ಚೀಟಿಗಳನ್ನು ಜೋಪಾನ ಮಾಡಿ, ಸಂಬಳದಿಂದ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದೆಯೇ ನೋಡಿ, ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಆದರೆ ಮನೆಗೆಲಸದವರು, ಬೀದಿಯಲ್ಲಿ ಮಾರುವವರು, ಮನೆಯಲ್ಲೇ ತುಂಡುಲೆಕ್ಕದಲ್ಲಿ ದುಡಿಯುವವರು ಹೆಚ್ಚಾಗಿ ಈ ರಜೆ, ಬಿಡುವುಗಳ ಆಚೆಯೇ ಉಳಿದಿದ್ದಾರೆ. ಇದು ದೊಡ್ಡ ಅನ್ಯಾಯ. ಅತಿ ಹೆಚ್ಚು ಅಗತ್ಯವಿರುವ ತಾಯಿಗೆ ಅತಿ ಕಡಿಮೆ ರಕ್ಷಣೆಯಿದೆ.

ಹಣದ ಸಹಾಯ ಎಲ್ಲಿ ಸಿಗುತ್ತದೆ?

ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಎರಡು ಕಂತುಗಳಲ್ಲಿ 5,000 ರೂಪಾಯಿ, ಎರಡನೆಯದು ಹೆಣ್ಣುಮಗುವಾದರೆ 6,000 ರೂಪಾಯಿ ಬರುತ್ತದೆ. ಅಸಂಘಟಿತ ಕಾರ್ಮಿಕರಿಗೆ ಕೊಡುವ ಇ–ಶ್ರಮ್ ಕಾರ್ಡ್ ಇರುವವರೂ ಅರ್ಹರು. ಅರ್ಜಿಗೆ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕಾಣಿ. ಕಟ್ಟಡ ಕಾರ್ಮಿಕರು ವರ್ಷದಲ್ಲಿ 90 ದಿನ ದುಡಿದಿದ್ದರೆ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅಲ್ಲಿ ತಾಯಿ ಲಕ್ಷ್ಮೀ ಬಾಂಡ್, ತಾಯಿ ಮಗು ಸಹಾಯ ಹಸ್ತ ಎಂಬ ಸಹಾಯಗಳಿವೆ. ನೋಂದಣಿ ಹೆರಿಗೆಗೆ ಮೊದಲೇ ಆಗಿರಲಿ. ಈ ಹಣ ಆರು ತಿಂಗಳ ಕೂಲಿಗೆ ಸಮವಲ್ಲ, ಆದರೂ ಕೆಲಸಕ್ಕೆ ಮರಳುವುದನ್ನು ಕೆಲವು ವಾರ ಮುಂದೂಡಲು ಸಹಾಯವಾಗುತ್ತದೆ.

ಮಗುವನ್ನು ಬಿಟ್ಟುಹೋಗಲು ಮನೆಯಲ್ಲಿ ಯಾರೂ ಇಲ್ಲ. ಏನು ಮಾಡಲಿ?

ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವವರ ಪುಟ್ಟ ಮಕ್ಕಳಿಗಾಗಿ ಗ್ರಾಮ ಪಂಚಾಯತುಗಳಲ್ಲಿ ಕೂಸಿನ ಮನೆಗಳನ್ನು ತೆರೆಯಲಾಗಿದೆ. ನಿಮ್ಮ ಪಂಚಾಯತಿನಲ್ಲಿ ಇದೆಯೇ ಎಂದು ಕೇಳಿ. ಪಟ್ಟಣದಲ್ಲಿ ಇರುವವರಿಗೆ ಕಷ್ಟ ಹೆಚ್ಚು. ಒಂದೇ ವಠಾರದ ನಾಲ್ಕೈದು ತಾಯಂದಿರು ಸೇರಿ, ಹಿರಿಯ ಹೆಂಗಸೊಬ್ಬರಿಗೆ ಸಂಭಾವನೆ ಕೊಟ್ಟು ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಮಾಡಿಕೊಳ್ಳಬಹುದು. ಸ್ವಸಹಾಯ ಸಂಘದ ಸಭೆಯಲ್ಲಿ ಈ ವಿಷಯ ಎತ್ತಲು ಹಿಂಜರಿಯಬೇಡಿ. ಐದಾರು ವರ್ಷದ ಅಕ್ಕನ ಕೈಗೆ ಹಾಲುಗೂಸನ್ನು ಒಪ್ಪಿಸಿ ಹೋಗುವುದು ಮಾತ್ರ ಇಬ್ಬರು ಮಕ್ಕಳಿಗೂ ಅಪಾಯ.

ಹಾಲೂಡಿಸುವಾಗ ಮತ್ತೆ ಗರ್ಭ ನಿಲ್ಲುವುದಿಲ್ಲ ಎನ್ನುತ್ತಾರೆ. ನಂಬಬಹುದೇ?

ಮಗುವಿಗೆ 6 ತಿಂಗಳೊಳಗಿದ್ದು, ಮುಟ್ಟು ಮರಳದೆ, ಬರೀ ಎದೆಹಾಲನ್ನೇ ಕೊಡುತ್ತ, ಎರಡು ಹಾಲಿನ ನಡುವೆ ಹಗಲು 4 ಗಂಟೆ, ರಾತ್ರಿ 6 ಗಂಟೆಗಿಂತ ಹೆಚ್ಚು ಅಂತರವಾಗದಿದ್ದರೆ ಮಾತ್ರ ನಂಬಬಹುದು. ಕೆಲಸಕ್ಕೆ ಹೋದೊಡನೆ ಹಗಲಿನ ಅಂತರ ಹೆಚ್ಚಾಗಿ ಈ ರಕ್ಷಣೆ ತಪ್ಪುತ್ತದೆ. ಗರ್ಭ ನಿಲ್ಲದಂತೆ ತಡೆಯುವ ಕಾಪರ್–ಟಿ, ‘ಅಂತರ’ ಎಂಬ ಚುಚ್ಚುಮದ್ದು, ‘ಛಾಯಾ’ ಎಂಬ ಮಾತ್ರೆಗಳು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತವೆ, ಇವುಗಳಿಂದ ಹಾಲಿಗೆ ತೊಂದರೆಯಿಲ್ಲ.

ಆರು ತಿಂಗಳ ನಂತರ ಹಗಲಿನ ಚಿಂತೆ ಕಡಿಮೆಯಾಗುತ್ತದೆಯೇ?

ಆಗುತ್ತದೆ. ರಾಗಿ ಮಣ್ಣಿ, ನುಣ್ಣಗೆ ಬೇಯಿಸಿದ ಕುಚ್ಚಲಕ್ಕಿ ಗಂಜಿಗೆ ತೊವ್ವೆ ಮತ್ತು ತುಪ್ಪ, ಬಾಳೆಹಣ್ಣು, ಮೊಟ್ಟೆ, ಮುಳ್ಳು ತೆಗೆದ ಮೀನು ಇವನ್ನು ಹಗಲು ಕೊಡುತ್ತ, ತಾಯಿ ಮನೆಯಲ್ಲಿರುವ ಹೊತ್ತಿಗೆ ಎದೆಹಾಲು ಮುಂದುವರಿಸಬಹುದು. ತೆಳ್ಳಗಿನ ಗಂಜಿತಿಳಿಯಿಂದ ಹೊಟ್ಟೆ ತುಂಬೀತು, ಮೈ ತುಂಬುವುದಿಲ್ಲ. ಚಮಚೆಯಿಂದ ಜಾರದಷ್ಟು ದಪ್ಪವಿರಲಿ.

ಒಂದು ತಿಂಗಳಿನಿಂದ ಹಾಲು ನಿಂತೇಹೋಗಿದೆ. ಮತ್ತೆ ಬರುತ್ತದೆಯೇ?

ಅನೇಕರಿಗೆ ಬರುತ್ತದೆ. ಮಗು ಚಿಕ್ಕದಿದ್ದಷ್ಟೂ, ನಿಂತು ಕಡಿಮೆ ದಿನವಾಗಿದ್ದಷ್ಟೂ ಸುಲಭ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಮಗುವನ್ನು ಎದೆಗೆ ಹಾಕಿಕೊಳ್ಳಬೇಕು. ಮೊದಲಿಗೆ ಹಾಲಿಲ್ಲದೆ ಮಗು ಸಿಟ್ಟಾದರೆ, ಇನ್ನೊಬ್ಬರು ಚಮಚೆಯಿಂದ ಹಾಲನ್ನು ಎದೆಯ ಮೇಲೆ ಹನಿಹನಿಯಾಗಿ ತೊಟ್ಟಿನ ಕಡೆಗೆ ಹರಿಸುತ್ತಿದ್ದರೆ ಮಗು ಚೀಪುತ್ತಲೇ ಇರುತ್ತದೆ. ಎರಡು ವಾರ ಅಥವಾ ಇನ್ನೂ ಹೆಚ್ಚು ದಿನ ಹಿಡಿಯಬಹುದು, ಆ ತನಕ ಮಗುವಿನ ತೂಕವನ್ನು ವಾರಕ್ಕೊಮ್ಮೆ ನೋಡಿಸಬೇಕು. ಸಾಲು ರಜೆಯೋ, ಕೆಲಸವಿಲ್ಲದ ವಾರವೋ ಇದ್ದಾಗ ಇದನ್ನು ಶುರುಮಾಡಿ, ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿಡಿ. ಮನೆಗೆ ಬಂದು ಮಗು ಎದೆ ಹಿಡಿಯುವ ಕ್ರಮವನ್ನು ಅವರು ನೋಡಲಿ. ಹೆಚ್ಚಿನ ಸಲಹೆ ಬೇಕಾದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆಮಾಡಬಹುದು, ಇಲ್ಲವೇ ಹತ್ತಿರದ ಸರಕಾರಿ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಮಗುವನ್ನು ಕರೆದುಕೊಂಡು ಹೋಗಬಹುದು.